ಬ್ರಿಟನ್ ಬಜೆಟ್ ಬಂದಾಗ ಟೀವಿಯಲ್ಲಿ ಮಾತಾಡುವ ಇವರು ಯಾರು?

ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬ್ರಿಟನ್ನಿಗೆ ಹೊಸದಾಗಿ ಬಂದವರು ಇಲ್ಲಿನ ಬಜೆಟ್ ಸುದ್ದಿ ನೋಡಿದರೆ ಸ್ವಲ್ಪ ಗಲಿಬಿಲಿಯಾಗುತ್ತದೆ. ಮಂತ್ರಿ ಭಾಷಣ ಮುಗಿಸಿದ ಮರುದಿನ ಟೀವಿಯವರು ಓಡುವುದು ಐಎಫ್‌ಎಸ್ ಕಡೆಗೆ. ಇದು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್, 1969ರಲ್ಲಿ ಶುರುವಾದ ಸಂಶೋಧನಾ ಸಂಸ್ಥೆ. ಸರ್ಕಾರದ್ದಲ್ಲ, ಯಾವ ಪಕ್ಷದ್ದೂ ಅಲ್ಲ. ಆದರೂ ಇವರು ಲೆಕ್ಕ ತಪ್ಪಿದೆ ಎಂದರೆ ಮಂತ್ರಿ ಉತ್ತರ ಹೇಳಲೇಬೇಕಾಗುತ್ತದೆ.

ನಮ್ಮ ಕಡೆಯವರಿಗೆ ನಂಜುಂಡಪ್ಪ ವರದಿ ಗೊತ್ತೇ ಇದೆ. 2002ರಲ್ಲಿ ಬಂದ ಆ ವರದಿ 114 ತಾಲ್ಲೂಕು ಹಿಂದುಳಿದಿವೆ ಎಂದು ಹೇಳಿತು. ಅದನ್ನು ಬರೆಸಿದ್ದು ಸರ್ಕಾರವೇ. ಐಎಫ್‌ಎಸ್‌ನಂತೆ ಸರ್ಕಾರದ ನೀತಿಗಳನ್ನು ಅಧ್ಯಯನ ಮಾಡಿ ಸಲಹೆ ಕೊಡುವ ಸಂಸ್ಥೆಗಳಿಗೆ ಥಿಂಕ್ ಟ್ಯಾಂಕ್ ಎನ್ನುತ್ತಾರೆ. ಇಲ್ಲಿನ ಥಿಂಕ್ ಟ್ಯಾಂಕ್‌ಗಳು ಸರ್ಕಾರ ಕೇಳುವ ತನಕ ಕಾಯುವುದಿಲ್ಲ. ವರದಿ ತಾವೇ ಬರೆಯುತ್ತವೆ, ಪತ್ರಿಕೆಗಳಿಗೆ ಮುಟ್ಟಿಸುತ್ತವೆ, ಸಂಸದರನ್ನು ಕರೆದು ಕೂರಿಸಿ ವಿವರಿಸುತ್ತವೆ.

ನನ್ನ ಪ್ರಕಾರ ವರದಿಗಿಂತ ಜಾಸ್ತಿ ಕೆಲಸ ಮಾಡುವುದು ಥಿಂಕ್ ಟ್ಯಾಂಕ್‌ನಿಂದ ಸರ್ಕಾರಕ್ಕೆ ಹೋಗುವ ಜನ. 1974ರಲ್ಲಿ ಸೆಂಟರ್ ಫಾರ್ ಪಾಲಿಸಿ ಸ್ಟಡೀಸ್ ಎಂಬ ಥಿಂಕ್ ಟ್ಯಾಂಕ್ ಕಟ್ಟಿದವರಲ್ಲಿ ಮಾರ್ಗರೆಟ್ ಥ್ಯಾಚರ್ ಒಬ್ಬರು. ಐದು ವರ್ಷಕ್ಕೆ ಪ್ರಧಾನಿಯಾದರು. ಕಡಿಮೆ ಸಂಬಳದವರ ಬದುಕಿನ ಬಗ್ಗೆ ಬರೆಯುವ ರೆಸಲ್ಯೂಷನ್ ಫೌಂಡೇಷನ್ನಿನ ಮುಖ್ಯಸ್ಥರಾಗಿದ್ದ ಟಾರ್ಸ್ಟನ್ ಬೆಲ್ 2024ರಲ್ಲಿ ಲೇಬರ್ ಪಕ್ಷದ ಸಂಸದರಾದರು, 2025ರಲ್ಲಿ ಪಿಂಚಣಿ ಮಂತ್ರಿ.

ಎಡವಟ್ಟಾದ ಉದಾಹರಣೆಯೂ ಇದೆ. ತೆರಿಗೆ ಇಳಿಸಿ, ಸರ್ಕಾರ ಕೈ ಹಾಕುವುದನ್ನು ಕಡಿಮೆ ಮಾಡಿ ಎನ್ನುವುದು 1955ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ಎಂಬ ಥಿಂಕ್ ಟ್ಯಾಂಕ್‌ನ ಹಳೇ ವಾದ. 2022ರಲ್ಲಿ ಪ್ರಧಾನಿಯಾದ ಲಿಜ್ ಟ್ರಸ್ ಈ ವಿಚಾರಕ್ಕೆ ಹತ್ತಿರದವರು. ಆ ವರ್ಷದ ಸೆಪ್ಟೆಂಬರ್ 23ರಂದು ಅವರ ಸರ್ಕಾರ ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿತು. ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಹೇಳಲಿಲ್ಲ. ಸರ್ಕಾರದ ಲೆಕ್ಕ ತಾಳೆ ನೋಡುವ ಒಬಿಆರ್‌ನ (ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ) ಅಂದಾಜೂ ಹೊರಬರಲಿಲ್ಲ. ಪೌಂಡ್ ಕುಸಿಯಿತು. ಊರಿಗೆ ದುಡ್ಡು ಕಳಿಸುವವರಿಗೆ ಅದು ಆ ವಾರವೇ ಗೊತ್ತಾಯಿತು. ಮನೆ ಸಾಲದ ಬಡ್ಡಿ ಶೇ. 6 ದಾಟಿತು. ಅಕ್ಟೋಬರ್ 20ಕ್ಕೆ ಟ್ರಸ್ ರಾಜೀನಾಮೆ ಘೋಷಿಸಿದರು.

ಅಂದಹಾಗೆ, ಒಬಿಆರ್ ಥಿಂಕ್ ಟ್ಯಾಂಕ್ ಅಲ್ಲ. 2010ರಲ್ಲಿ ಸರ್ಕಾರವೇ ಮಾಡಿದ್ದು. ವೀಸಾಗೆ ಬೇಕಾದ ಸಂಬಳದ ಮಿತಿ ಬಗ್ಗೆ ಸಲಹೆ ಕೊಡುವ ಮೈಗ್ರೇಷನ್ ಅಡ್ವೈಸರಿ ಕಮಿಟಿ ಕೂಡ ಹಾಗೇ. ಸ್ಕಿಲ್ಡ್ ವರ್ಕರ್ ವೀಸಾ ಮಿತಿ 2024ರ ಏಪ್ರಿಲ್‌ನಲ್ಲಿ 26,200 ಪೌಂಡ್‌ನಿಂದ 38,700ಕ್ಕೆ ಏರಿದ್ದು ನಿಮಗೆ ಗೊತ್ತಿರಬಹುದು. ವೀಸಾ ಮೇಲಿರುವವರು ಸುಮ್ನೆ ಟೀವಿ ಚರ್ಚೆ ನೋಡಿ ಹೆದರುವ ಬದಲು ಈ ಸಮಿತಿಯ ವರದಿ ಓದುವುದು ಒಳ್ಳೆಯದು.

ಥಿಂಕ್ ಟ್ಯಾಂಕ್ ವರದಿ ಕೈಗೆ ಬಂದರೆ ಮೊದಲು ದುಡ್ಡು ಯಾರದ್ದು ನೋಡಿ. ದಾನಿಗಳ ಹೆಸರು ಹೇಳಲೇಬೇಕೆಂಬ ಕಾನೂನು ಇಲ್ಲಿಲ್ಲ. ಕೆಲವರು ತಾವಾಗಿ ಹೇಳುತ್ತಾರೆ, ಕೆಲವರು ಬಾಯಿ ಬಿಡುವುದಿಲ್ಲ. ಬಾಯಿ ಬಿಡದವರ ವರದಿಯನ್ನು ನಾನಂತೂ ಎರಡು ಸಲ ಓದುತ್ತೇನೆ.

ನೀವೂ ಮಾತಾಡಬಹುದು. ಪಾರ್ಲಿಮೆಂಟ್ ಸಮಿತಿಗಳು ಅಭಿಪ್ರಾಯ ಕೇಳಿದಾಗ ಯಾರು ಬೇಕಾದರೂ ಬರೆದು ಕಳಿಸಬಹುದು. ಇನ್ನೊಂದು ವಿಷಯ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಮೇಲೆ ಇಲ್ಲಿ ವಾಸವಿರುವ 18 ತುಂಬಿದ ಭಾರತೀಯರು ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಆನ್‌ಲೈನಿನಲ್ಲೇ ಆಗುತ್ತದೆ, ದುಡ್ಡೇನೂ ಕಟ್ಟಬೇಕಿಲ್ಲ.