ಮಳೆನೀರಲ್ಲಿ ಬೆಂದ ಪಿಸ್ತೂಲು

"ತುಕ್ಕು ತೆಗೆಯಲು ಬೇಯಿಸ್ತೀಯಾ? ಹಾಗೇ ಒಗ್ಗರಣೆನೂ ಹಾಕಿಬಿಡು" ಎಂದು ಗೆಳೆಯರು ನಕ್ಕಿದ್ದರು. ಹಳೆ ಕೋವಿ, ಕತ್ತಿ ಕೂಡಿಡುವವರು ಕೋಲಾರ, ಮಾಲೂರು ಕಡೆ ನಾಲ್ಕೈದು ಜನ ಇದ್ದೇವೆ. ಈಗ ಅವರಲ್ಲೇ ಇಬ್ಬರು ಮಳೆನೀರು ಹಿಡಿಯಲು ಡ್ರಮ್ ತಂದಿಟ್ಟಿದ್ದಾರೆ.

ಈ ಪಿಸ್ತೂಲು ಸಿಕ್ಕಿದ್ದು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಗುಜರಿಯಲ್ಲಿ, ಹೊಲಿಗೆ ಮಿಷನ್ ತಲೆಗಳ ಅಡಿಯಲ್ಲಿ. ನಾಲ್ಕು ನಳಿಗೆ, ಉಂಗುರದ ಟ್ರಿಗರ್, ಕೆಳಗಿನ ನಳಿಗೆಗೆ ಹೊಡೆಯುವ ಹ್ಯಾಮರ್. ಮರಿಯೆಟ್ ಮಾದರಿಯ ಪೆಪ್ಪರ್‌ಬಾಕ್ಸ್, ಅಂದರೆ ನಳಿಗೆಗಳ ಗೊಂಚಲೇ ತಿರುಗುತ್ತಾ ಒಂದೊಂದಾಗಿ ಸುಡುವ ಪಿಸ್ತೂಲು, ಬೆಲ್ಜಿಯಂನದು. ಅದರ ಪೇಟೆಂಟ್ 1837ರದು. ಬ್ರಿಟಿಷರ ಜಾನ್ ಟೇಲರ್ ಕಂಪನಿ ನಮ್ಮ ಚಿನ್ನದ ಗಣಿಗೆ ಬಂದದ್ದು 1880ರಲ್ಲಿ. ಅಷ್ಟರಲ್ಲಿ ರಿವಾಲ್ವರ್ ಬಂದು ಪೆಪ್ಪರ್‌ಬಾಕ್ಸ್ ಕಾಲ ಮುಗಿದೇ ಹೋಗಿತ್ತು. ಯಾವ ದೊರೆ ತಾತನ ನೆನಪಿಗೆ ಅಂತ ಪೆಟ್ಟಿಗೆಯಲ್ಲಿಟ್ಟು ತಂದನೋ! ಹದಿನೆಂಟು ಸಾವಿರ ಹೇಳಿದ, ಹದಿನಾಲ್ಕಕ್ಕೆ ಇಳಿಸಿದೆ.

ಚೌಕಾಸಿ ಸುಮ್ನೆ ಬಂದದ್ದಲ್ಲ. ಅದಕ್ಕೂ ಮುಂಚೆ ಒಂದು ಆರು ನಳಿಗೆಯದಕ್ಕೆ ನಲವತ್ತು ಸಾವಿರ ಕೊಟ್ಟು ಕೂತಿದ್ದೆ. ಮನೆಗೆ ತಂದು ಪೊರಕೆ ಕಡ್ಡಿ ಹಾಕಿದರೆ ಒಂದು ಇಂಚಿಗೇ ನಿಂತಿತು. ಶೋಕೇಸಿಗೆ ಅಂತ ಎರಕ ಹೊಯ್ದ ಮಾಲು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದಾಗ ಮೂಡುವ ಗೆರೆಗೆ ಡಮಾಸ್ಕಸ್ ಅಂತಾರೆ; ಇದರ ಮೈಮೇಲಿದ್ದ ಡಮಾಸ್ಕಸ್ ಗೆರೆಗಳು ಬರೀ ಬಣ್ಣ, ಸೀಮೆಎಣ್ಣೆ ಬಟ್ಟೆಗೇ ಬಂದುಬಿಟ್ಟವು.

ಈ ಸಲವೂ ಮೊದಲು ಕಡ್ಡಿ ಪರೀಕ್ಷೆ. ಬಿದಿರಿನ ಕಡ್ಡಿ ಇಳಿಸಿ, ಬಾಯಿಯ ಹತ್ತಿರ ಉಗುರಿನಲ್ಲಿ ಗುರುತು ಮಾಡಿ, ಹೊರಗೆ ಅಳೆಯುವುದು. ಮೂರು ನಳಿಗೆಗಳಲ್ಲಿ ಒಂದೇ ಅಳತೆ. ನಾಲ್ಕನೆಯದರಲ್ಲಿ ಅರ್ಧ ಇಂಚು ಕಡಿಮೆ. ನನಗೆ ಬೆವರು ಕಿತ್ತುಕೊಂಡಿತು. ಒಳಗೆ ಮದ್ದು ಗುಂಡು ಹಾಗೇ ಕೂತಿತ್ತು! ಗ್ಯಾಸ್ ಬರ್ನರಿನಲ್ಲಿ ಕಾಯಿಸು, ನಳಿಗೆ ಸಡಿಲ ಆಗುತ್ತೆ ಎಂದಿದ್ದ ಗೆಳೆಯನಿಗೆ ಆ ಕಡ್ಡಿಯನ್ನೇ ತೋರಿಸಿದೆ. ಲೈಸೆನ್ಸ್ ಇರುವ ಗನ್ ಅಂಗಡಿಯಲ್ಲಿ ಅದನ್ನು ತೆಗೆಸಿ, ಇನ್ನೆಂದೂ ಸುಡದಂತೆ ಕಿಡಿ ಹೋಗುವ ತೂತುಗಳನ್ನು ಬೆಸೆದು ಮುಚ್ಚಿಸಿ, ಹಾಗಂತ ಕಾಗದದಲ್ಲಿ ಬರೆಸಿಕೊಂಡೆ. 1959ರ ಆರ್ಮ್ಸ್ ಆಕ್ಟ್‌ನಲ್ಲಿ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಸುಡಲಾಗದ ಹಳೆಯದಕ್ಕೆ ತಾನೇ. ಬೆಸುಗೆಯಿಂದ ಬೆಲೆ ಬಿತ್ತು ಅಂತ ಗೊಣಗಿದವರಿದ್ದಾರೆ. ಬೀಳಲಿ, ರಾತ್ರಿ ನಿದ್ದೆ ಬರುತ್ತೆ.

ಇನ್ನು ತುಕ್ಕು. ಒಂದು ನಳಿಗೆಯನ್ನು ಹುಣಸೆ ರಸದಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಗ್ಗೆ ತುಕ್ಕೂ ಇಲ್ಲ, ನೂರೈವತ್ತು ವರ್ಷದ ಕಂದು ಬಣ್ಣವೂ ಇಲ್ಲ. ಉಜ್ಜಿಟ್ಟ ಸೌಟಿನ ಹಾಗೆ ಬೆಳ್ಳಗೆ ನಿಂತಿತ್ತು. ಒಂದು ಲಾಭವೂ ಆಯಿತು ಅನ್ನಿ: ಡಮಾಸ್ಕಸ್ ಸುರುಳಿಗಳು ಬೆರಳಚ್ಚಿನ ಗೆರೆಗಳಂತೆ ಎದ್ದು ಕಂಡವು. ಅಂದರೆ ಮಾಲು ಅಸಲಿ.

ಉಳಿದ ಮೂರಕ್ಕೆ ಬೇಯಿಸುವ ದಾರಿ ಹಿಡಿದೆ. ನೀರಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲೆ ಮಸಿಯ ಹಾಗೆ ನಿಂತದ್ದನ್ನು ತೀರಾ ನಯವಾದ ಸ್ಟೀಲ್ ವುಲ್‌ನಲ್ಲಿ ಸವರಿ ತೆಗೆಯಬೇಕು. ಒಳ ಪದರ ಗಟ್ಟಿಯಾಗಿ ಉಳಿಯುತ್ತದೆ. ಮೊದಲ ಸಲ ಬೋರ್ ನೀರು ಹಾಕಿ ಕೆಟ್ಟೆ. ನಮ್ಮ ಬೋರ್ ನೀರು ನಿಮಗೆ ಗೊತ್ತಲ್ವಾ, ನಳಿಗೆ ತುಂಬ ಸುಣ್ಣದ ಬಿಳಿ ಚುಕ್ಕೆ. ಅದನ್ನು ಕೆರೆಯಲು ಎರಡು ಭಾನುವಾರ ಹೋಯಿತು. ಆಮೇಲೆ ಮಾಲೂರು ಹೆಂಚಿನ ಹಳೆ ಮನೆಯ ಸೂರಿನಿಂದ ಮಳೆನೀರು ಹಿಡಿದೆ. ಮೊದಲ ಎರಡು ಮಳೆಯ ನೀರು ಚೆಲ್ಲಿ, ಮೂರನೆಯದು. ಅರ್ಧ ಗಂಟೆ ಕುದಿ, ಸವರು, ಮತ್ತೆ ಕುದಿ. ಆರೇಳು ಸುತ್ತಿಗೆ ನಳಿಗೆಗಳು ನೇರಳೆ ಹಣ್ಣಿನ ಬಣ್ಣಕ್ಕೆ ಬಂದವು.

ನಳಿಗೆ ಬಿಚ್ಚುವ ಕೀಲಿಯನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದೆ, ಸುಮಾರು ಆರುನೂರು. ಬಿಚ್ಚುವ ಮುಂಚೆ ಮೂರು ವಾರ ನೆನೆಸಿದ ಎಣ್ಣೆ ಯಾವುದು ಅಂತ ಮಾತ್ರ ಕೇಳಬೇಡಿ. ಕೊಬ್ಬರಿ ಎಣ್ಣೆಯಂತೂ ಅಲ್ಲ. ಅದನ್ನೂ ಒಮ್ಮೆ ಒಂದು ಕತ್ತಿಗೆ ಸವರಿ ನೋಡಿದ್ದೆ. ನಮ್ಮ ಡಿಸೆಂಬರ್ ಚಳಿಗೆ ಬೆಣ್ಣೆಯಾಗಿ, ಬೇಸಿಗೆಗೆ ಅಂಟಾಗಿ, ಧೂಳೆಲ್ಲ ಹಿಡಿದುಕೊಂಡಿತು.

ಒಟ್ಟು ಇಪ್ಪತ್ತೈದು ಸಾವಿರದ ಹತ್ತಿರ ಖರ್ಚಾಗಿರಬಹುದು. ಮೊನ್ನೆ ನಕ್ಕವರಲ್ಲೊಬ್ಬ ನಲವತ್ತೈದಕ್ಕೆ ಕೇಳಿದ. ಕೊಡಲಿಲ್ಲ. ಹುಣಸೆ ನಳಿಗೆಗೆ ಇನ್ನೂ ಬಣ್ಣ ಬರಬೇಕು, ಡ್ರಮ್ಮಿನಲ್ಲಿ ಉಳಿದಿರುವುದು ನಾಲ್ಕೇ ಲೀಟರ್.