ತೂಕ ಮೊದಲು, ಗಾಳಿ ಆಮೇಲೆ: ನಮ್ಮ ಮೋಟಾರ್‌ಹೋಮ್ ಲೆಕ್ಕ

ಮೋಟಾರ್‌ಹೋಮ್ (ಒಳಗೇ ಅಡುಗೆ ಮಾಡಿಕೊಂಡು ಮಲಗುವ, ಮನೆಯಂಥ ಗಾಡಿ) ಇದೆ ಅಂದ ಕೂಡಲೇ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಟೈರಿಗೆ ಎಷ್ಟು ಗಾಳಿ ಹಾಕ್ತೀರಾ?" ನನ್ನ ನಂಬರ್ ಹೇಳಿದರೆ ಅವರಿಗೆ ಏನೂ ಉಪಯೋಗವಿಲ್ಲ. ಅವರ ಗಾಡಿ ಎಷ್ಟು ತೂಗುತ್ತೆ, ಆ ತೂಕ ಯಾವ ಚಕ್ರದ ಮೇಲೆ ಕೂತಿದೆ ಅಂತ ಗೊತ್ತಾಗದೆ ಗಾಳಿಯ ಮಾತೇ ಬರಲ್ಲ.

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಗಾಡಿ 31 ಅಡಿಯ ಕ್ಲಾಸ್ ಸಿ, ಅಂದರೆ ವ್ಯಾನಿನ ಮೂತಿಗೆ ಹಿಂದೆ ಮನೆಯಂಥ ಬಾಡಿ ಕಟ್ಟಿದ್ದು. ಸೆಕೆಂಡ್ ಹ್ಯಾಂಡ್, ಫೋರ್ಡ್ ಇ-450 ಚಾಸಿ. ಮುಂದೆ ಎರಡು ಟೈರ್, ಹಿಂದೆ ಡಬಲ್ ಟೈರ್, ಒಟ್ಟು ಆರು. ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರ್‌ನಲ್ಲಿ ಬೇಕಾದದ್ದೆಲ್ಲ ಇದೆ. ಇಡೀ ಗಾಡಿಯ ಮಿತಿ 14,500 ಪೌಂಡ್. ಮುಂದಿನ ಆಕ್ಸೆಲ್‌ಗೆ 5,000, ಹಿಂದಿನದಕ್ಕೆ 9,600. ಗಾಳಿ ಮುಂದೆ 75 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ ಅನ್ನೋ ಅಳತೆ), ಹಿಂದೆ 80. ಎರಡು ಆಕ್ಸೆಲ್ ಮಿತಿ ಕೂಡಿಸಿದರೆ 14,600 ಆಗುತ್ತೆ, ಗಾಡಿಯ ಮಿತಿ ಅದಕ್ಕಿಂತ 100 ಕಡಿಮೆ. ಅಂದರೆ ಮೂರು ಮಿತಿಗಳನ್ನೂ ಬೇರೆ ಬೇರೆಯಾಗಿಯೇ ಪಾಲಿಸಬೇಕು. ಒಂದು ಸರಿಯಿದ್ದರೆ ಇನ್ನೊಂದೂ ಸರಿಯಿರುತ್ತೆ ಅಂತೇನಿಲ್ಲ.

ತೂಕ ಹಾಕಿಸುವಾಗ ಖಾಲಿ ಗಾಡಿ ಒಯ್ಯಬಾರದು. ನಾನು ಟ್ರಿಪ್‌ಗೆ ಹೊರಟ ದಿನವೇ ಹಾಕಿಸಿದೆ. ಊರಿಂದ ಬಂದಿದ್ದ ಅತ್ತೆ ಮಾವ, ನಾವಿಬ್ಬರು, ಮಗಳು ಎಲ್ಲರೂ ಒಳಗೇ ಇದ್ದೆವು. 55 ಗ್ಯಾಲನ್ ಪೆಟ್ರೋಲ್ ಟ್ಯಾಂಕ್ ಫುಲ್. 40 ಗ್ಯಾಲನ್ ನೀರು. ನೀರು ಗ್ಯಾಲನ್‌ಗೆ 8.34 ಪೌಂಡ್ ತೂಗುತ್ತೆ, ಪೆಟ್ರೋಲ್ ಆರರ ಮೇಲೆ ಚೂರು. ಇವೆರಡೇ ಸೇರಿ 650 ಪೌಂಡ್ ದಾಟುತ್ತೆ. ಅದರ ಮೇಲೆ 20 ಪೌಂಡಿನ ಸೋನಾ ಮಸೂರಿ ಚೀಲ, ಎರಡು ಕುಕ್ಕರ್, ಮಡಚುವ ಕುರ್ಚಿಗಳು, ಹಿಂದಿನ ರ್ಯಾಕ್‌ನಲ್ಲಿ ಬ್ಯಾಟರಿ ಸೈಕಲ್‌ಗಳು.

ಲಾರಿಗಳು ನಿಲ್ಲುವ ದೊಡ್ಡ ಟ್ರಕ್‌ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನೋ ವೇಬ್ರಿಜ್ ಇರುತ್ತೆ. 20 ಡಾಲರ್ ಒಳಗೇ ಕೆಲಸ ಮುಗಿಯುತ್ತೆ. ನೆಲದಲ್ಲಿ ಸಾಲಾಗಿ ಮೂರು ತಟ್ಟೆಗಳಿವೆ. ಮುಂದಿನ ಚಕ್ರ ಮೊದಲನೆಯದರ ಮೇಲೆ, ಹಿಂದಿನವು ಎರಡನೆಯದರ ಮೇಲೆ ಬರುವಂತೆ ನಿಲ್ಲಿಸಿ, ಫೋನ್ ಆ್ಯಪ್‌ನಲ್ಲಿ ಒತ್ತಿದರೆ ಆಯ್ತು. ಹಿಂದೆ ಲಾರಿಗಳು ಕಾಯುತ್ತಿರುತ್ತವೆ, ಗಾಬರಿ ಬೇಡ. ಅವರಿಗೂ ಇದು ದಿನದ ಕೆಲಸ.

ನಮ್ಮ ಚೀಟಿ ಹೀಗಿತ್ತು: ಮುಂದೆ 4,320, ಹಿಂದೆ 9,780, ಒಟ್ಟು 14,100.

ಒಟ್ಟು ಮಾತ್ರ ನೋಡಿದರೆ ಇನ್ನೂ 400 ಪೌಂಡ್ ತುಂಬಬಹುದು ಅನ್ನಿಸುತ್ತೆ. ಆದರೆ ಹಿಂದಿನ ಆಕ್ಸೆಲ್ ಆಗಲೇ 180 ಪೌಂಡ್ ಮಿತಿ ಮೀರಿತ್ತು. ಕ್ಲಾಸ್ ಸಿ ಗಾಡಿಗಳಲ್ಲಿ ಇದು ತುಂಬಾ ಸಾಮಾನ್ಯ, ಯಾಕಂದ್ರೆ ಹಿಂದಿನ ಚಕ್ರದಿಂದಾಚೆಗೆ ಬಾಡಿ ಉದ್ದಕ್ಕೆ ಚಾಚಿಕೊಂಡಿರುತ್ತೆ. ಬಾವಿಯ ಏತ ನೆನಪಿಸಿಕೊಳ್ಳಿ. ಬಾಲದಲ್ಲಿ ಇಟ್ಟ ಭಾರ ಅಲ್ಲಿಗೇ ನಿಲ್ಲದೆ ಮೂತಿಯನ್ನೂ ಎತ್ತುತ್ತೆ.

ಸೈಕಲ್, ರ್ಯಾಕ್ ಸೇರಿ 200 ಪೌಂಡ್. ನಮ್ಮ ಗಾಡಿಯ ಎರಡು ಆಕ್ಸೆಲ್ ನಡುವೆ 220 ಇಂಚು, ರ್ಯಾಕ್ ಇರುವುದು ಹಿಂದಿನ ಆಕ್ಸೆಲ್‌ನಿಂದ 120 ಇಂಚು ಹಿಂದೆ. 200ನ್ನು 340ರಿಂದ (220 + 120) ಗುಣಿಸಿ 220ರಿಂದ ಭಾಗಿಸಿದರೆ 309. ಅಂದರೆ 200 ಪೌಂಡ್ ಸೈಕಲ್ ಹಿಂದಿನ ಆಕ್ಸೆಲ್ ಮೇಲೆ 309 ಪೌಂಡ್ ಹೇರುತ್ತೆ, ಮುಂದಿನಿಂದ 109 ಕಿತ್ತುಕೊಳ್ಳುತ್ತೆ. ಸ್ಟೇರಿಂಗ್ ಹಗುರವಾಗಿ ಗಾಡಿ ತೇಲಿದಂತೆ ಅನ್ನಿಸುವುದಕ್ಕೆ ಅರ್ಧ ಕಾರಣ ಇದೇ.

ರ್ಯಾಕ್ ತೆಗೆದೆವು. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತೆ, ಸುಮ್ನೆ ಹೊತ್ತುಕೊಂಡು ಹೋಗೋದ್ಯಾಕೆ? ನಮ್ಮ ನೀರಿನ ಟ್ಯಾಂಕ್ ಕೂಡ ಹಿಂದಿನ ಚಕ್ರದ ಆಚೆಗೇ ಇದೆ. ಈಗ ದಾರಿಯಲ್ಲಿ ಕಾಲು ಟ್ಯಾಂಕ್ ಮಾತ್ರ ಇಟ್ಟುಕೊಂಡು, ಕ್ಯಾಂಪ್‌ಗ್ರೌಂಡಿಗೆ ಹೋದ ಮೇಲೆ ತುಂಬಿಸುತ್ತೇವೆ. ಇಷ್ಟಕ್ಕೇ ಹಿಂದಿನ ತೂಕ 9,200ಕ್ಕಿಂತ ಕೆಳಗೆ ಬಂತು.

ಇನ್ನೂ ಒಂದು ವಿಷಯ ಬಾಕಿಯಿತ್ತು. ವೇಬ್ರಿಜ್ ಇಡೀ ಆಕ್ಸೆಲ್‌ನ ತೂಕ ಹೇಳುತ್ತೆ, ಎಡ ಎಷ್ಟು ಬಲ ಎಷ್ಟು ಅಂತ ಹೇಳಲ್ಲ. ಅದಕ್ಕೆ ವಿಕನ್‌ಬರ್ಗ್ ದಾಟಿ ಕಾಂಗ್ರೆಸ್ ಅನ್ನೋ ಪುಟ್ಟ ಊರಿಗೆ ಹೋದೆ. ಎಸ್ಕೇಪೀಸ್ ಅನ್ನೋ ಮೋಟಾರ್‌ಹೋಮ್ ಕ್ಲಬ್‌ನವರು ಅಲ್ಲಿ ಸ್ಮಾರ್ಟ್‌ವೇ ಅಂತ ಒಂದೊಂದು ಚಕ್ರದ ಜಾಗವನ್ನೂ ಬೇರೆಯಾಗಿ ತೂಗಿ ಕೊಡುತ್ತಾರೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್, ಫ್ಲೋರಿಡಾದ ಬುಶ್ನೆಲ್‌ನಲ್ಲೂ ಇದೆ. ಮೊದಲೇ ಟೈಮ್ ಗೊತ್ತು ಮಾಡಿಕೊಂಡು ಹೋಗಬೇಕು.

ಮುಂದೆ ಎಡ 2,300, ಬಲ 2,200. ಹಿಂದೆ ಎಡ 4,750, ಬಲ 4,400. ಫ್ರಿಜ್, ಸ್ಟವ್, ಸ್ಲೈಡ್ (ಗಾಡಿ ನಿಲ್ಲಿಸಿದಾಗ ಹೊರಕ್ಕೆ ಚಾಚುವ ಭಾಗ) ಎಲ್ಲ ಎಡಗಡೆಗೇ ಇರುವುದರಿಂದ ಆ ಕಡೆ ಜಾಸ್ತಿ.

ಈಗ ಟೈರ್ ಕಂಪನಿಯ ಪಟ್ಟಿ ತೆಗೆಯಬೇಕು. ಎಷ್ಟು ಗಾಳಿಗೆ ಎಷ್ಟು ಭಾರ ಅಂತ ಅದರಲ್ಲಿರುತ್ತೆ. ನಮ್ಮ ಟೈರ್ ಸೈಜ್ ಎಲ್‌ಟಿ225/75ಆರ್16, ಭಾರ ಹೊರುವ ದರ್ಜೆ ಲೋಡ್ ರೇಂಜ್ ಇ. ಒಂಟಿ ಟೈರ್ ಆದರೆ 65 ಪಿಎಸ್‌ಐಗೆ 2,335 ಪೌಂಡ್, 80ಕ್ಕೆ 2,680. ಅದೇ ಟೈರನ್ನು ಜೋಡಿಯಾಗಿ ಹಾಕಿದರೆ 75ಕ್ಕೆ 2,330, 80ಕ್ಕೆ 2,470. ಜೋಡಿ ಟೈರುಗಳು ಭಾರವನ್ನು ಎಂದೂ ಸರಿಸಮ ಹಂಚಿಕೊಳ್ಳಲ್ಲ, ಅದಕ್ಕೇ ಕಡಿಮೆ ಲೆಕ್ಕ.

ಹಿಂದಿನ ಒಟ್ಟು 9,150ನ್ನು ನಾಲ್ಕರಿಂದ ಭಾಗಿಸಿದರೆ ಟೈರಿಗೆ 2,288. ಇಷ್ಟೇ ನೋಡಿದವರು 75 ಸಾಕು ಅಂತಾರೆ. ಆದರೆ ಎಡಗಡೆ ಒಂದೊಂದು ಟೈರಿನ ಮೇಲೆ ಇರುವುದು 2,375. 75ರಲ್ಲಿ ಅದು ಸಾಲಲ್ಲ. ಒಂದು ಆಕ್ಸೆಲ್‌ನ ಎಲ್ಲ ಟೈರಿಗೂ ಒಂದೇ ಗಾಳಿ ಇರಬೇಕು, ಅದನ್ನು ಆರಿಸುವುದು ಭಾರದ ಕಡೆ ನೋಡಿ. ಹಾಗಾಗಿ ಹಿಂದೆ 80, ಮಾತೇ ಇಲ್ಲ.

ಮುಂದೆ ಪಟ್ಟಿ ಪ್ರಕಾರ 65 ಸಾಕು. ಇ-450 ಓಡಿಸಿದವರಿಗೆ ಗೊತ್ತು, ಮುಂದೆ ಗಾಳಿ ಬಿಗಿಯಾದರೆ ಪ್ರತಿ ಹಳ್ಳವೂ ಹಲ್ಲಿಗೆ ತಟ್ಟುತ್ತೆ. ಗೆಳೆಯರೊಬ್ಬರು 60ಕ್ಕೆ ಇಳಿಸಿ ಹಾಯಾಗಿದೆ ಅಂತಾರೆ. 65ರಲ್ಲೇ ನನಗೆ ಉಳಿಯುವುದು ಬರೀ 35 ಪೌಂಡ್, ಒಂದು ಅಕ್ಕಿ ಚೀಲ, ಮೇಲೊಂದಿಷ್ಟು ಸಾಮಾನು. ನಾನು ಸ್ಟಿಕರ್‌ನ 75ರಲ್ಲೇ ಇಟ್ಟಿದ್ದೇನೆ. ಜೋರು ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ನುಗ್ಗುತ್ತೆ. ಆಗ ಆ ಹೆಚ್ಚುವರಿ ಬೇಕು.

ಇವೆಲ್ಲ ತಣ್ಣಗಿರುವ ಟೈರಿನ ಲೆಕ್ಕ. ಬೆಳಗ್ಗೆ, ಬಿಸಿಲು ಬೀಳುವ ಮೊದಲು, ಗಾಡಿ ಅಲುಗಾಡಿಸದೆ ನೋಡಬೇಕು. 10 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಗಾಳಿ ಸುಮಾರು 2 ಪರ್ಸೆಂಟ್ ಏರುತ್ತೆ. ಹೈವೇಯಲ್ಲಿ 80 ಇದ್ದದ್ದು 90 ದಾಟಿದರೂ ಗಾಳಿ ಬಿಡಬಾರದು, ಟೈರ್ ಮಾಡಿದವರು ಅದನ್ನು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ. ನಮ್ಮಲ್ಲಿ ಇದು ಉಲ್ಟಾ ಕಾಡುವುದು ಉತ್ತರ ಅರಿಜೋನಾದ ಬೆಟ್ಟದ ಊರು ಫ್ಲ್ಯಾಗ್‌ಸ್ಟಾಫ್‌ಗೆ ಹೋದಾಗ. ಚಾಂಡ್ಲರ್‌ನಲ್ಲಿ 85 ಡಿಗ್ರಿ ಬೆಳಗಿನಲ್ಲಿ 80 ಹಾಕಿ ಹೊರಟರೆ, ಮಾರನೇ ದಿನ ಅಲ್ಲಿ 40 ಡಿಗ್ರಿ. ಚಳಿಗೆ ಸುಮಾರು 8 ಪಿಎಸ್‌ಐ ಇಳಿಯುತ್ತೆ. ಸುಮಾರು 7,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಅದರಿಂದ ಗೇಜ್‌ನಲ್ಲಿ ಹತ್ತಿರಹತ್ತಿರ 3 ವಾಪಸ್ ಬರುತ್ತೆ. ಕೊನೆಗೆ 75. ಅದು ಎಡಗಡೆಗೆ ಸಾಲದ ನಂಬರ್ ಅಲ್ವಾ? ಅದಕ್ಕೇ 12 ವೋಲ್ಟಿನ ಕಂಪ್ರೆಸರ್ ಗಾಡಿಯಲ್ಲೇ ಇರುತ್ತೆ. ಪೆಟ್ರೋಲ್ ಬಂಕಿನ ಮೆಷಿನ್‌ಗಳು ಎಷ್ಟೋ ಕಡೆ 80ರವರೆಗೆ ಏರುವುದೇ ಇಲ್ಲ.

ಹಾಸನದ ಕಡೆ ಲಾರಿ ಇಟ್ಟಿದ್ದ ಮಾವನಿಗೆ ಇದೆಲ್ಲ ತಮಾಷೆ. "ಅಲ್ಲಪ್ಪಾ, ಗಾಳಿ ಹಾಕೋಕೆ ಇಷ್ಟೊಂದು ಲೆಕ್ಕನಾ? ನಮ್ಮ ಕ್ಲೀನರ್ ಹುಡುಗ ರಾಡಲ್ಲಿ ತಟ್ಟಿ, ಸದ್ದು ಕೇಳಿಯೇ ಹೇಳ್ತಿದ್ದ."

"ಪೂರ್ತಿ ಇಳಿದಿದ್ರೆ ಸದ್ದಲ್ಲಿ ಗೊತ್ತಾಗುತ್ತೆ ಮಾವ. 80ರ ಬದಲು 65 ಇದ್ರೆ?"

ಒಳಗಿನ ಟೈರಿನ ವಾಲ್ವಿಗೆ ಗೇಜ್ ಹಿಡಿಸಲು ಅವರೇ ಮೊಣಕಾಲೂರಿ ನೋಡಿದರು. ನೇರ ಗೇಜ್ ಹೋಗಲ್ಲ, ಲಾರಿಯವರು ಬಳಸುವ ಎರಡು ಮೂತಿಯ ಉದ್ದ ಗೇಜ್ ಬೇಕು. ಜೋಡಿಯಲ್ಲಿ ಒಂದು ಟೈರಿನ ಗಾಳಿ ಹೋದರೂ ಗಾಡಿ ನೆಟ್ಟಗೇ ನಿಂತಿರುತ್ತೆ, ಪಕ್ಕದ ಟೈರ್ ಎರಡರ ಭಾರ ಹೊತ್ತು ಬಿಸಿಯಾಗುತ್ತೆ. ಅಮೆರಿಕದ ಕಾನೂನು ಟೈರಿನ ಗಾಳಿ ತೋರಿಸುವ ಸೆನ್ಸರ್ ಕಡ್ಡಾಯ ಮಾಡಿರುವುದು 10,000 ಪೌಂಡ್‌ವರೆಗಿನ, ಡಬಲ್ ಟೈರ್ ಇಲ್ಲದ ಗಾಡಿಗಳಿಗೆ ಮಾತ್ರ. ನಮ್ಮಂಥವರು ಬೇರೆ ಕೊಂಡು ಆರಕ್ಕೂ ಹಾಕಿಸಬೇಕು. ನಾನು ಹಿಂದಿನವಕ್ಕೆ 72ಕ್ಕೆ ಅಲಾರಾಂ ಇಟ್ಟಿದ್ದೇನೆ. ಮಾವ ಈಗ ಪಕ್ಕದ ಸೀಟಿನಲ್ಲಿ ಕೂತು ಆ ಸ್ಕ್ರೀನ್ ನೋಡುವ ಕೆಲಸ ವಹಿಸಿಕೊಂಡಿದ್ದಾರೆ.