ಫೋನಿನ ಹೊಸ ರೂಪವನ್ನು ಪರೀಕ್ಷಿಸುವ ಬಗೆ: ಐಓಎಸ್ 26ರ ಉದಾಹರಣೆ

2025ರ ಸೆಪ್ಟೆಂಬರ್ 15ರಂದು ಬಿಡುಗಡೆಯಾದ ಐಓಎಸ್ 26ರಲ್ಲಿ (ಐಓಎಸ್ ಎಂದರೆ ಐಫೋನನ್ನು ನಡೆಸುವ ಮೂಲ ತಂತ್ರಾಂಶ) ಆ್ಯಪಲ್ ಸಂಸ್ಥೆ ಐಫೋನಿನ ಬಟನ್, ಮೆನು, ನೋಟಿಫಿಕೇಶನ್‌ಗಳಿಗೆಲ್ಲ ಗಾಜಿನ ಹೊಳಪು ಕೊಟ್ಟು, ಅದನ್ನು ‘ಲಿಕ್ವಿಡ್ ಗ್ಲಾಸ್’ ಎಂದು ಕರೆಯಿತು. 2013ರ ಐಓಎಸ್ 7ರ ನಂತರ ಐಫೋನಿನ ಮುಖಚಹರೆ ಇಷ್ಟು ಬದಲಾಗಿರಲಿಲ್ಲ. ಇಂಥ ಬದಲಾವಣೆ ಬಂದ ದಿನವೇ ‘ಅದ್ಭುತ’ ಎನ್ನುವವರೂ ‘ಕೆಡಿಸಿಬಿಟ್ಟರು’ ಎನ್ನುವವರೂ ಇರುತ್ತಾರೆ. ಆದರೆ ಆ ದಿನ ಮಾತನಾಡುವುದು ನಮ್ಮ ಅಭ್ಯಾಸವೇ ಹೊರತು ಫೋನಿನ ಗುಣವಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಾವು ಮಾಡುವ ಕೆಲಸಗಳು ಹಗುರಾದವೇ, ಭಾರವಾದವೇ ಎಂಬುದನ್ನಷ್ಟೇ ಅಳೆಯಬೇಕು.

ಆ ಅಳತೆ ಅಪ್‌ಡೇಟ್ ಮಾಡುವ ಮೊದಲೇ ಶುರುವಾಗಬೇಕು. ನೀವು ನಿತ್ಯ ಮಾಡುವ ಏಳೆಂಟು ಕೆಲಸಗಳನ್ನು (ಕರೆ ಮಾಡುವುದು, ಹಣ ಕಳಿಸುವುದು, ಅಲಾರಂ ಇಡುವುದು, ಹಳೆಯ ಫೋಟೊ ಹುಡುಕುವುದು) ಬರೆದುಕೊಂಡು, ಪ್ರತಿಯೊಂದಕ್ಕೂ ಎಷ್ಟು ಬಾರಿ ಪರದೆ ಮುಟ್ಟಬೇಕು ಎಂಬುದನ್ನು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಮುಖ್ಯ ಪರದೆಗಳ ಸ್ಕ್ರೀನ್‌ಶಾಟ್‌ಗಳನ್ನೂ ಬ್ಯಾಕಪ್ ಅನ್ನೂ ತೆಗೆದಿಟ್ಟುಕೊಳ್ಳಿ. ಹೊಸ ಆವೃತ್ತಿ ಬಂದ ಸ್ವಲ್ಪ ಕಾಲದಲ್ಲೇ ಆ್ಯಪಲ್ ಹಳೆಯದನ್ನು ಮತ್ತೆ ಹಾಕಿಕೊಳ್ಳಲು ಕೊಡುವ ಅನುಮತಿಯನ್ನು ನಿಲ್ಲಿಸುವುದರಿಂದ, ಇಷ್ಟವಾಗದಿದ್ದರೆ ಹಿಂದಕ್ಕೆ ಹೋಗೋಣ ಎಂಬ ಲೆಕ್ಕಾಚಾರ ಸಾಮಾನ್ಯವಾಗಿ ಫಲಿಸುವುದಿಲ್ಲ.

ಅಪ್‌ಡೇಟ್ ಆದ ಮೇಲೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಓದುವಿಕೆಗೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5:1 ಇರಬೇಕು ಎಂಬುದು ವೆಬ್ ಪುಟಗಳಿಗೆಂದು ರೂಪುಗೊಂಡ, ಈಗ ಆ್ಯಪ್‌ಗಳಿಗೂ ಬಳಕೆಯಾಗುತ್ತಿರುವ ಮಾನದಂಡ. ಪಾರದರ್ಶಕ ವಿನ್ಯಾಸದ ನಿಜವಾದ ತೊಡಕು ಇಲ್ಲೇ ಇದೆ: ಅಕ್ಷರದ ಹಿಂದೆ ಏನು ಹಾದುಹೋಗುತ್ತದೆ ಎಂಬುದರ ಮೇಲೆ ಆ ವ್ಯತ್ಯಾಸ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದ್ದರಿಂದ ಕಂಪನಿ ಕೊಟ್ಟ ಚೆಂದದ ವಾಲ್‌ಪೇಪರ್ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಮದುವೆಯ ಗುಂಪು ಫೋಟೊವನ್ನೋ, ಬಿಳಿ ಮೋಡದ ಚಿತ್ರವನ್ನೋ ಲಾಕ್ ಸ್ಕ್ರೀನ್‌ಗೆ ಹಾಕಿ, ಮಧ್ಯಾಹ್ನದ ಬಿಸಿಲಿಗೆ ಹೋಗಿ, ಬಂದಿರುವ ಸಂದೇಶವನ್ನು ತೋಳಿನಷ್ಟು ದೂರದಿಂದ ಓದಿ ನೋಡಿ.

ಕನ್ನಡದಲ್ಲಿ ಸಂದೇಶ ಓದುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ಗಾತ್ರವನ್ನು ಎರಡು ಮೂರು ಹಂತ ಏರಿಸಿ, ನೋಟಿಫಿಕೇಶನ್, ಆ್ಯಪ್‌ಗಳ ಬಟನ್, ಪರದೆಯ ತಲೆಬರಹ ಎಲ್ಲದರಲ್ಲೂ ಒತ್ತು ಕತ್ತರಿಸಿಹೋಗಿದೆಯೇ, ಕೊಂಬು-ದೀರ್ಘಗಳು ಪಕ್ಕದ ಅಕ್ಷರಕ್ಕೆ ತಾಗುತ್ತಿವೆಯೇ ಎಂದು ಪರಿಶೀಲಿಸಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿದ ಚೌಕಟ್ಟಿನಲ್ಲಿ ಮೊದಲು ಪೆಟ್ಟು ತಿನ್ನುವುದು ನಮ್ಮ ಲಿಪಿಯೇ, ಮತ್ತು ಇದನ್ನು ನಾವು ನೋಡಿ ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಓದಲು ಕಷ್ಟವಾದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಪಾರದರ್ಶಕತೆ ತಗ್ಗಿಸುವ ಹಾಗೂ ಕಾಂಟ್ರಾಸ್ಟ್ ಹೆಚ್ಚಿಸುವ ಆಯ್ಕೆಗಳಿವೆ. ಅವನ್ನು ಖಂಡಿತ ಬಳಸಿ. ಆದರೆ ನಿಮ್ಮ ಟಿಪ್ಪಣಿಯಲ್ಲಿ ಅವುಗಳನ್ನು ವಿನ್ಯಾಸದ ಹೆಚ್ಚುಗಾರಿಕೆ ಎಂದು ಬರೆದುಕೊಳ್ಳಬೇಡಿ. ಸಾಮಾನ್ಯ ದೃಷ್ಟಿಯ ಓದುಗನೂ ಆ ಆಯ್ಕೆಗಳನ್ನು ಹುಡುಕಿಕೊಂಡು ಹೋಗಬೇಕಾಗಿ ಬಂದರೆ, ಮೂಲ ರೂಪ ಆ ಮಟ್ಟಿಗೆ ಸೋತಿದೆ ಎಂಬುದೇ ನನ್ನ ತೀರ್ಮಾನ. ಚಲನೆಗೂ ಇದೇ ಮಾತು ಸಲ್ಲುತ್ತದೆ. ಐಓಎಸ್ 7ರ ಆ್ಯನಿಮೇಶನ್‌ಗಳಿಂದ ತಲೆ ಸುತ್ತುತ್ತದೆ ಎಂದು ಅನೇಕರು ದೂರಿದ ಮೇಲೆ, 2013ರ ಅಕ್ಟೋಬರಿನ 7.0.3 ಆವೃತ್ತಿಯಲ್ಲಿ ಅವನ್ನು ತಗ್ಗಿಸುವ ವ್ಯವಸ್ಥೆಯನ್ನು ವಿಸ್ತರಿಸಲಾಯಿತು.

ಆಮೇಲೆ ಮೊದಲು ಮಾಡಿಟ್ಟ ಪಟ್ಟಿಯನ್ನು ಹೊರತೆಗೆದು, ಅದೇ ಕೆಲಸಗಳನ್ನು ಮತ್ತೆ ಮಾಡಿ. ಐಓಎಸ್ 26ರ ವೆಬ್ ಬ್ರೌಸರ್ ಸಫಾರಿಯಲ್ಲಿ ಮೊದಲಿಗೆ ಸಿಗುವ ಅಡಕ ವಿನ್ಯಾಸದಲ್ಲಿ, ತೆರೆದಿಟ್ಟ ಟ್ಯಾಬ್‌ಗಳನ್ನೆಲ್ಲ ತೋರಿಸುವ ಬಟನ್ ಮೂರು ಚುಕ್ಕಿಗಳ ಮೆನುವಿನೊಳಗೆ ಸೇರಿಕೊಂಡಿದೆ. ಬೆರಳನ್ನು ಮೇಲಕ್ಕೆ ಸರಿಸಿದರೂ ಅವು ಕಾಣುತ್ತವೆ, ಆದರೆ ಅದು ತಿಳಿದವರಿಗೆ ಮಾತ್ರ. ಹಳೆಯ ರೂಪವನ್ನು ಸೆಟ್ಟಿಂಗ್ಸ್‌ನಲ್ಲಿ ಮರಳಿ ಪಡೆಯಬಹುದು. ಅಲಾರಂ ಇನ್ನೂ ಒಳ್ಳೆಯ ಉದಾಹರಣೆ. ಹೊಸ ಆವೃತ್ತಿಯಲ್ಲಿ ‘ಸ್ನೂಜ್’ ಮತ್ತು ‘ಸ್ಟಾಪ್’ ಎರಡೂ ದೊಡ್ಡ ಬಟನ್‌ಗಳಾಗಿ ಒಂದರ ಕೆಳಗೊಂದು ಬಂದವು. ಹಗಲಿನಲ್ಲಿ ನೋಡಿದರೆ ಇದು ಉಪಕಾರವೇ, ಆದರೆ ಅರೆನಿದ್ದೆಯ ಕೈ ಯಾವುದನ್ನು ಒತ್ತುತ್ತದೆ ಎಂದು ಹೇಳಲಾಗದು. 26.1ರಲ್ಲಿ ಅಲಾರಂ ನಿಲ್ಲಿಸಲು ಬೆರಳು ಸರಿಸಬೇಕೆಂಬ ಬದಲಾವಣೆ ಬಂತು. ಯಾವುದೇ ಬಟನನ್ನು ಪರೀಕ್ಷಿಸುವಾಗ ಅದನ್ನು ನಿಜವಾಗಿ ಬಳಸುವ ಹೊತ್ತಿನಲ್ಲೇ, ಬಳಸುವ ಸ್ಥಿತಿಯಲ್ಲೇ ಪರೀಕ್ಷಿಸಬೇಕು.

ಬ್ಯಾಟರಿಯ ಬಗ್ಗೆ ಮೊದಲ ಕೆಲವು ದಿನ ಏನೂ ಹೇಳದಿರುವುದು ಒಳ್ಳೆಯದು. ದೊಡ್ಡ ಅಪ್‌ಡೇಟ್ ಆದ ಮೇಲೆ ಫೋನು ಹಿನ್ನೆಲೆಯಲ್ಲಿ ಕಡತಗಳ ಸೂಚಿಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ, ಆ್ಯಪ್‌ಗಳೂ ಅಪ್‌ಡೇಟ್ ಆಗುತ್ತಿರುತ್ತವೆ. ವೇಗವನ್ನು ಮಾತ್ರ ಹೊಸ ಫೋನಿನಲ್ಲಿ ನೋಡದೆ, ಸಾಧ್ಯವಾದರೆ ಅಪ್‌ಡೇಟ್ ಸಿಗುವ ಅತ್ಯಂತ ಹಳೆಯ ಮಾದರಿಯಲ್ಲಿ ನೋಡಿ. ಐಓಎಸ್ 26ಕ್ಕೆ ಅದು 2019ರ ಐಫೋನ್ 11. ಐಓಎಸ್ 7 ಬಂದಾಗ ಐಫೋನ್ 4 ತೀರ ನಿಧಾನವಾಗಿ, 2014ರ ಮಾರ್ಚಿನ 7.1ರಲ್ಲಿ ಅಷ್ಟಿಷ್ಟು ಚೇತರಿಸಿಕೊಂಡಿತ್ತು.

ಈ ಇತಿಹಾಸವನ್ನು ನೋಡಿದರೆ ಅಂತಿಮ ತೀರ್ಪನ್ನು ಮೊದಲ ತಿದ್ದುಪಡಿ ಬರುವವರೆಗೆ ಕಾಯ್ದಿರಿಸುವುದು ಸರಿ ಎನಿಸುತ್ತದೆ. 2025ರ ನವೆಂಬರಿನ 26.1ರಲ್ಲಿ, ಗಾಜು ತಿಳಿಯಾಗಿರಬೇಕೇ ಅಥವಾ ಸ್ವಲ್ಪ ಮಸುಕಾಗಿರಬೇಕೇ ಎಂದು ಬಳಕೆದಾರರೇ ಆರಿಸಿಕೊಳ್ಳುವ ಅವಕಾಶ ಬಂತು. ನಿಮ್ಮ ಟಿಪ್ಪಣಿಯಲ್ಲಿ ಯಾವ ದೂರು ಇನ್ನೂ ಉಳಿದಿದೆ, ಯಾವುದು ಅಭ್ಯಾಸವಾಗಿ ತಾನಾಗಿಯೇ ಮರೆತುಹೋಯಿತು ಎಂದು ಆಗ ನೋಡಿ. ಉಳಿದದ್ದನ್ನು ಸ್ಕ್ರೀನ್‌ಶಾಟ್ ಸಮೇತ ಆ್ಯಪಲ್‌ನ ಅಭಿಪ್ರಾಯ ಪುಟದ ಮೂಲಕ ಕಳಿಸಿ. ಮನೆಯ ಹಿರಿಯರ ಫೋನನ್ನು ಮಾತ್ರ ಈ ಪರೀಕ್ಷೆ ಮುಗಿಯುವ ಮೊದಲು ಮುಟ್ಟಬೇಡಿ. ಐಓಎಸ್ 26ರ ಜೊತೆಯಲ್ಲೇ ಹಳೆಯ ರೂಪದಲ್ಲೇ ಉಳಿದ ಫೋನುಗಳಿಗೆಂದು ಐಓಎಸ್ 18.7 ಎಂಬ ಭದ್ರತಾ ಅಪ್‌ಡೇಟ್ ಕೂಡ ಬಂದಿತ್ತು. ಮುಂದಿನ ಸಲವೂ ಅಂಥದ್ದು ಸಿಕ್ಕರೆ ಅವರಿಗೆ ಮೊದಲು ಅದನ್ನೇ ಹಾಕಿಕೊಡಿ.